ಬದನೆಕಾಯಿ ಬಣ್ಣದ ಗಾಡಿ ಎಲ್ಲಿಗೆ ಹೋಗಿತ್ತು?

ಧಾರವಾಡ
25 ಆಗಸ್ಟ್ 2025

ಶಶಿಧರ್ ಅವರಿಗೆ ನಮಸ್ಕಾರ.

ಹೋದ ವಾರ ಜಯನಗರದಿಂದ ಬದನೆಕಾಯಿ ಬಣ್ಣದ ಕಾರು ಓಡಿಸಿಕೊಂಡು ಬಂದು, ಕತ್ರಿಗುಪ್ಪೆಯ ನಿಮ್ಮ ಹಳೇ ಗಾಡಿಗಳ ಯಾರ್ಡಿನಲ್ಲಿ ಅದನ್ನು ಮಾರಿ ಬಂದ ಬಿಳಿ ಕೂದಲಿನ ಹೆಂಗಸು ನಾನು, ವಿಮಲಾ. ಈಗ ಧಾರವಾಡದಲ್ಲಿ ಮಗಳು ತನ್ಮಯಿಯ ಮನೆಯಲ್ಲಿದ್ದೇನೆ.

ವಾಟ್ಸಾಪಿನಲ್ಲಿ ನಿಮಗೆ ನಾಲ್ಕು ಪ್ರಶ್ನೆ ಕಳಿಸಿದ್ದೆ. ನಾಲ್ಕಕ್ಕೂ ಸೇರಿಸಿ ‘ಓಕೆ ಮೇಡಂ’ ಎಂದು ಒಂದೇ ಉತ್ತರ ಕೊಟ್ಟಿರಿ, ಜೊತೆಗೆ ಕೈಮುಗಿದ ಚಿತ್ರ ಬೇರೆ. ಏನು ಓಕೆ? ಫೋನಿನಲ್ಲಿ ಮಾತಾಡುವುದು ನನಗೆ ಆಗದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ನೀವೂ ಕಾಗದದಲ್ಲೇ ಉತ್ತರಿಸಬೇಕು. ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಅರ್ಧ ಉತ್ತರಕ್ಕೆ ಅಂಕ ಕೊಟ್ಟು ಅಭ್ಯಾಸವಿಲ್ಲ.

ನನ್ನ ಕುತೂಹಲ ಇಷ್ಟು. ಹಿಂದೆ ನಮ್ಮ ಭಾವ ಸ್ಕೂಟರ್ ಮಾರಿದಾಗ ಬ್ರೋಕರು ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಹೋಗಿದ್ದ. ಕೊಳ್ಳುವವರ ಹೆಸರನ್ನು ಆಮೇಲೆ ತುಂಬಿಸುತ್ತಾನಂತೆ. ಅವನು ತುಂಬಿಸಲೇ ಇಲ್ಲ. ಸ್ಕೂಟರ್ ಯಾರಿಗೋ ಗುದ್ದಿತು, ಪೊಲೀಸರು ಬಂದದ್ದು ಭಾವನ ಮನೆಗೆ. ಆದರೆ ನೀವು ಖಾಲಿ ಫಾರಂ ಕೇಳಲೇ ಇಲ್ಲ. ಕಂಪ್ಯೂಟರಿನಲ್ಲಿ ಏನೋ ಒತ್ತಿದಿರಿ, ನನ್ನ ಮೊಬೈಲಿಗೆ ಓಟಿಪಿ ಬಂತು, ಒಂದು ರಶೀದಿ ಕೈಗಿಟ್ಟಿರಿ, ಮುಗಿಯಿತು.

ಹಾಗಾದರೆ ಅದು ಈಗ ಯಾರ ಗಾಡಿ? ಮಾರಿದವಳು ಊರು ಬಿಟ್ಟಳು, ಕೊಳ್ಳುವವರು ಇನ್ನೂ ಬಂದಿಲ್ಲ. ನಡುವೆ ಅದರ ಯಜಮಾನ ಯಾರು ಎಂದು ರಾತ್ರಿಯೆಲ್ಲ ತಲೆ ಕೆರೆದುಕೊಂಡೆ. ದಯವಿಟ್ಟು ತಿಳಿಸಿ.

ವಿಮಲಾ


ಕತ್ರಿಗುಪ್ಪೆ
3 ಸೆಪ್ಟೆಂಬರ್ 2025

ಮಾನ್ಯ ವಿಮಲಾ ಮೇಡಂ ಅವರಿಗೆ, ಸೊಣ್ಣಮ್ಮ ಮೋಟಾರ್ಸ್‌ನ ಶಶಿಧರ್ ಮಾಡುವ ವಂದನೆಗಳು.

ಮೇಡಂ, ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ‘ಪ್ರವಾಸಕ್ಕೆ ಅನುಮತಿ ಕೋರಿ ತಂದೆಗೆ ಪತ್ರ’ ಬರೆದದ್ದೇ ನಾನು ಬರೆದ ಕೊನೆಯ ಕಾಗದ. ತಪ್ಪಿದ್ದರೆ ಕೆಂಪು ಇಂಕು ಹಾಕಬೇಡಿ. ನನ್ನ ಹೆಂಡತಿ ಚೈತ್ರ ಪಕ್ಕದಲ್ಲಿ ಕೂತು ಒತ್ತಕ್ಷರ ಸರಿಮಾಡುತ್ತಿದ್ದಾಳೆ, ನಗುತ್ತಲೂ ಇದ್ದಾಳೆ.

ನಿಮ್ಮ ಪ್ರಶ್ನೆಗೆ ಉತ್ತರ: ಈಗ ಅದರ ಯಜಮಾನ ನಾನು. ಹಳೇ ಗಾಡಿ ಮಾರುವವರಿಗೂ ಈಗ ಸಾರಿಗೆ ಕಚೇರಿಯಿಂದ ಲೈಸೆನ್ಸ್ ಇದೆ. ಅದು ಇದ್ದವನು ‘ಈ ಗಾಡಿ ನನ್ನ ಕೈಗೆ ಬಂತು’ ಎಂದು ಕಂಪ್ಯೂಟರಿನಲ್ಲಿ ತಿಳಿಸಿದ ಗಳಿಗೆಯಿಂದ ಸರ್ಕಾರದ ದೃಷ್ಟಿಯಲ್ಲಿ ಅವನೇ ಯಜಮಾನ. ಫೈನ್ ಬಿದ್ದರೂ ಅವನಿಗೆ, ಗುದ್ದಿದರೂ ಅವನಿಗೆ. ನೀವು ನೆಮ್ಮದಿಯಾಗಿ ನಿದ್ದೆ ಮಾಡಿ.

ಆದರೆ ಯಜಮಾನ ಅಂದ ಮಾತ್ರಕ್ಕೆ ಓಡಿಸಿಕೊಂಡು ತಿರುಗುವ ಹಾಗಿಲ್ಲ. ಕೊಳ್ಳುವವರಿಗೆ ಟ್ರಯಲ್ ಕೊಡಬೇಕು, ಸರ್ವಿಸ್‌ಗೆ ಒಯ್ಯಬೇಕು, ಪೇಂಟ್ ಮಾಡಿಸಬೇಕು, ತಪಾಸಣೆಗೆ ತೋರಿಸಬೇಕು, ಇಂಥದ್ದಕ್ಕೆ ಮಾತ್ರ ಗಾಡಿ ಗೇಟು ದಾಟಬಹುದು. ದಾಟಿದರೆ ಯಾರು ಓಡಿಸಿದರು, ಯಾಕೆ ಓಡಿಸಿದರು ಎಂದು ರಿಜಿಸ್ಟರಿಗೆ ಹತ್ತಿಸಬೇಕು. ತಪ್ಪಿದರೆ ಲೈಸೆನ್ಸ್ ಹೋಯಿತು.

ಆ ಲೈಸೆನ್ಸ್ ಅಂದರೆ ನನಗೆ ಏನು ಎಂದು ಹೇಳಿಬಿಡುತ್ತೇನೆ. ನಮ್ಮಪ್ಪ ಚಿಕ್ಕಬೈರಪ್ಪ ಇಲ್ಲೇ ರಾಗಿ ಬೆಳೆದವರು. ಹೊಲ ಸೈಟುಗಳಾದ ಮೇಲೆ ಉಳಿದ ಒಂದು ತುಂಡಿನಲ್ಲಿ ನನ್ನ ಯಾರ್ಡ್ ಇದೆ. ಅಪ್ಪ ಬದುಕಿರುವವರೆಗೂ ನೆಂಟರ ಮುಂದೆ ನನ್ನನ್ನು ತೋರಿಸಿ, ‘ಇವ್ನು ಅದೇನೋ ಗಾಡಿ ಬ್ರೋಕರ್ ಕೆಲ್ಸ ಮಾಡ್ತಾನೆ’ ಎಂದು ಮುಖ ತಿರುಗಿಸುತ್ತಿದ್ದರು. ಲೈಸೆನ್ಸ್ ಬಂದದ್ದು ಅವರು ಹೋದ ಮೇಲೆ. ಅದಕ್ಕೆ ಗಾಜು ಹಾಕಿಸಿ ಅವರ ಫೋಟೋ ಪಕ್ಕದಲ್ಲೇ ತೂಗುಹಾಕಿದ್ದೇನೆ. ಈಗ ಯಾರೂ ನನ್ನನ್ನು ಬ್ರೋಕರ್ ಅನ್ನುವಂತಿಲ್ಲ ಮೇಡಂ.

ಇಂತಿ ನಿಮ್ಮ ವಿಶ್ವಾಸಿ
ಶಶಿಧರ್


ಧಾರವಾಡ
10 ಸೆಪ್ಟೆಂಬರ್ 2025

ಶಶಿಧರ್ ಅವರಿಗೆ,

ಭೇಷ್! ಇದು ಉತ್ತರ ಅಂದರೆ. ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ. ಒಂದು ಅಂಕ ಕಳೆದದ್ದು ಚೈತ್ರ ಅವರ ಸಹಾಯ ಪಡೆದದ್ದಕ್ಕೆ.

ಈಗ ಹೊಸ ಅನುಮಾನಗಳು ಶುರುವಾಗಿವೆ. ನೀವು ಯಜಮಾನರು, ಆದರೆ ಓಡಿಸುವಂತಿಲ್ಲ. ಇದೆಂಥಾ ಯಜಮಾನಿಕೆ ಮಾರಾಯರೇ? ಬೆಳಿಗ್ಗೆ ಮನೆಯಲ್ಲಿ ಹಾಲು ಒಡೆದುಹೋಯಿತು ಎಂದಿಟ್ಟುಕೊಳ್ಳಿ. ಯಾರ್ಡಿನಲ್ಲಿ ಸಾಲಾಗಿ ಗಾಡಿ ನಿಂತಿವೆ. ಒಂದನ್ನು ತೆಗೆದುಕೊಂಡು ಬೂತಿಗೆ ಹೋಗಿಬಂದರೆ ತಪ್ಪೇ? ಇಡೀ ದಿನ ನಿಂತೇ ಇದ್ದರೆ ಬ್ಯಾಟರಿ ಇಳಿಯುವುದಿಲ್ಲವೇ? ಕೊಳ್ಳಲು ಬಂದವರು ಟ್ರಯಲ್ ಎಂದು ಹೇಳಿ ಎಷ್ಟು ದೂರ ಹೋಗಬಹುದು? ಅವರು ಕೊಳ್ಳಲಿಕ್ಕೇ ಬಂದವರೋ ಸುಮ್ಮನೆ ಸವಾರಿಗೆ ಬಂದವರೋ ಎಂದು ನಿಮಗೆ ಹೇಗೆ ತಿಳಿಯುತ್ತದೆ?

ನನ್ನ ಕಾರನ್ನು ಯಾರಾದರೂ ನೋಡಿದರೇ? ಏನಂದರು? ಮುಚ್ಚಿಡಬೇಡಿ. ಆ ಬಣ್ಣವನ್ನು ಹಟ ಹಿಡಿದು ಆರಿಸಿದವಳು ನಾನೇ. ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಾಗ ನಮ್ಮ ಯಜಮಾನರು, ‘ಈ ವಯಸ್ಸಲ್ಲಿ ಯಾಕೆ ಬೇಕು, ನಾನಿಲ್ವಾ’ ಅಂದಿದ್ದರು. ಕಾರು ಕೊಂಡಾಗ ಅವರಿಗೆ ದೂರದಿಂದಲೇ ಕಾಣಲಿ ಎಂದು ಇದ್ದುದರಲ್ಲೇ ಢಾಳಾದ ಬಣ್ಣ ಆರಿಸಿದ್ದೆ.

ವಿಮಲಾ


ಕತ್ರಿಗುಪ್ಪೆ
19 ಸೆಪ್ಟೆಂಬರ್ 2025

ವಿಮಲಾ ಮೇಡಂ ಅವರಿಗೆ ನಮಸ್ಕಾರಗಳು.

ಹಾಲಿಗೆ ಹೋದರೂ ತಪ್ಪೇ ಮೇಡಂ. ನನಗೆ ಬೇರೆ ಸ್ಕೂಟರ್ ಇದೆ, ಹಾಲು ತರಲು ಅದು ಸಾಕು. ಬ್ಯಾಟರಿ ಇಳಿಯದಿರಲಿ ಎಂದು ದಿನಾ ಬೆಳಿಗ್ಗೆ ನಿಂತ ಜಾಗದಲ್ಲೇ ಎಲ್ಲ ಗಾಡಿ ಸ್ಟಾರ್ಟ್ ಮಾಡುತ್ತೇವೆ. ಸುಮ್ಮನೆ ಸವಾರಿಗೆ ಬಂದವರನ್ನು ಕಂಡುಹಿಡಿಯುವುದು ಸುಲಭ, ಅವರು ಮೊದಲು ಹಾಡು ಹಾಕಿ ಸ್ಪೀಕರ್ ನೋಡುತ್ತಾರೆ. ಕೊಳ್ಳುವವರು ಬಗ್ಗಿ ಟೈರ್ ನೋಡುತ್ತಾರೆ.

ನಿಮ್ಮ ಗಾಡಿಯನ್ನು ತುಂಬಾ ಜನ ನೋಡಿದರು. ಹನುಮಂತನಗರದ ಒಬ್ಬರು, ‘ಇಂಜಿನ್ ಸಖತ್ತಾಗಿದೆ ಗುರು, ಆದ್ರೆ ಈ ಕಲರ್ ತಗೊಂಡ್ಹೋದ್ರೆ ನಮ್ಮನೇಲಿ ಗೇಟ್ ತೆಗಿಯಲ್ಲ’ ಅಂದರು. ಇನ್ನೊಬ್ಬರು ಎಣ್ಣೆಗಾಯಿ ಮಾಡಬಹುದಾ ಎಂದು ಕೇಳಿದರು. ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಕೈ ಸೇರುವವರೆಗೂ ಜೋಪಾನವಾಗಿ ನೋಡಿಕೊಳ್ಳುತ್ತೇನೆ.

ಇಂತಿ
ಶಶಿಧರ್


ಧಾರವಾಡ
26 ಸೆಪ್ಟೆಂಬರ್ 2025

ಶಶಿಧರ್ ಅವರಿಗೆ,

ಎಣ್ಣೆಗಾಯಿಯ ಮಾತು ಓದಿ ತನ್ಮಯಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಈ ಸಲ ಒಂದೇ ಪ್ರಶ್ನೆ. ನನ್ನ ಕಾರು ನಿಮ್ಮ ಯಾರ್ಡಿಗೆ ಬಂದ ಮೇಲೆ ಯಾವತ್ತಾದರೂ ಗೇಟು ದಾಟಿ ಹೊರಗೆ ಹೋಗಿತ್ತೇ? ಹೋಗಿದ್ದರೆ ಎಲ್ಲಿಗೆ? ಸುಮ್ಮನೆ ಕುತೂಹಲ.

ವಿಮಲಾ


ಕತ್ರಿಗುಪ್ಪೆ
4 ಅಕ್ಟೋಬರ್ 2025

ವಿಮಲಾ ಮೇಡಂ ಅವರಿಗೆ ವಿಜಯದಶಮಿಯ ಶುಭಾಶಯಗಳು.

ಇಲ್ಲ ಮೇಡಂ, ನಿಮ್ಮ ಗಾಡಿ ಗೇಟು ದಾಟಿಲ್ಲ. ಒಂದು ಸಲ ಸರ್ವಿಸ್‌ಗೆ ಹೋಗಿಬಂತು, ಅಷ್ಟೇ. ಅದು ರಿಜಿಸ್ಟರಿನಲ್ಲೂ ಇದೆ. ಆಯುಧಪೂಜೆಗೆ ಎಲ್ಲ ಗಾಡಿಗೂ ಹೂ ಹಾಕಿ, ನಿಂತ ಜಾಗದಲ್ಲೇ ಒಂದಡಿ ಮುಂದಕ್ಕೆ ತಂದು ನಿಂಬೆಹಣ್ಣು ತುಳಿಸಿದೆವು.

ನಿಮ್ಮ ಕಾಗದ ನೋಡಿದರೆ ನಿಮಗೆ ಗಾಡಿ ಮಾರಿದ್ದಕ್ಕೆ ಹೊಟ್ಟೆ ಉರಿಯುತ್ತಿದೆ ಅನ್ನಿಸುತ್ತದೆ. ಬೇಕಿದ್ದರೆ ಹೇಳಿ, ವಾಪಸ್ ಕೊಡುತ್ತೇನೆ. ನಿಮ್ಮಿಂದ ನಾನು ಲಾಭ ಮಾಡುವುದಿಲ್ಲ.

ಇಂತಿ
ಶಶಿಧರ್


ಧಾರವಾಡ
9 ಅಕ್ಟೋಬರ್ 2025

ಶಶಿಧರ್ ಅವರಿಗೆ,

ಉತ್ತರ ತಲುಪಿತು. ಕಾರು ವಾಪಸ್ ಬೇಡ. ಇನ್ನು ನಿಮಗೆ ಪ್ರಶ್ನೆಗಳಿಲ್ಲ.

ವಿಮಲಾ


ಕತ್ರಿಗುಪ್ಪೆ
28 ಅಕ್ಟೋಬರ್ 2025

ವಿಮಲಾ ಮೇಡಂ ಅವರಿಗೆ,

ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ಚೈತ್ರಳಿಗೂ ತೋರಿಸದೆ ಬರೆಯುತ್ತಿದ್ದೇನೆ.

ಸಾರಿಗೆ ಕಚೇರಿಯಿಂದ ನನಗೆ ನೋಟಿಸ್ ಬಂದಿದೆ. ನಿಮ್ಮ ಗಾಡಿ ನನ್ನ ವಶದಲ್ಲಿದ್ದಾಗ ಕನಕಪುರ ರಸ್ತೆಯ ಟೋಲ್ ದಾಟಿದೆಯಂತೆ. ‘ನಿಮ್ಮ ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದು’ ಎಂದು ಕೇಳಿದ್ದಾರೆ. ನವೆಂಬರ್ ಕೊನೆಯ ವಾರ ವಿಚಾರಣೆ. ಅವರಿಗೆ ಹೇಗೆ ಗೊತ್ತಾಯಿತು ಎಂದು ತಲೆ ಕೆಟ್ಟುಹೋಗಿದೆ. ಈ ರಸ್ತೆಯಲ್ಲಿ ನನ್ನ ಏಳಿಗೆ ನೋಡಿ ಕರುಬುವವರು ಇದ್ದಾರೆ, ಅವರಲ್ಲೇ ಯಾರೋ ಇರಬೇಕು.

ನಿಮಗೆ ನಾನು ಸುಳ್ಳು ಹೇಳಿದೆ ಮೇಡಂ. ಗಾಡಿ ಹೋದದ್ದು ಸರ್ವಿಸ್‌ಗಲ್ಲ, ದೇವಸ್ಥಾನಕ್ಕೆ. ನಮ್ಮ ಮನೆದೇವರು ಬಿಸಿಲಮ್ಮ, ಹಾರೋಹಳ್ಳಿಯಿಂದ ಆಚೆ ಇದ್ದಾಳೆ. ನನ್ನ ಕೈಗೆ ಯಾವ ಗಾಡಿ ಬಂದರೂ ಮಾರುವ ಮುಂಚೆ ಒಂದು ಸಲ ಅಲ್ಲಿಗೆ ಒಯ್ದು, ತೀರ್ಥ ಹಾಕಿಸಿಕೊಂಡು ಬರುವುದು ವ್ಯಾಪಾರದ ಮೊದಲ ದಿನದಿಂದ ನಡೆದುಬಂದಿದೆ. ನನ್ನ ತಾಯಿ ಸೊಣ್ಣಮ್ಮ ಹಿಡಿದ ಹಟ ಅದು, ಅಂಗಡಿಗೆ ಇಟ್ಟಿರುವುದೂ ಅವರ ಹೆಸರನ್ನೇ. ‘ಬೇರೆ ಮನೆ ಗಾಡಿ ಕಣ್ಲಾ. ಯಾರ್ ಅತ್ತಿದ್ರೋ ಅದ್ರಾಗೆ, ಯಾರ್ ಜಗಳ ಆಡಿದ್ರೋ. ಬಿಸಿಲಮ್ಮನ್ ತಾವ ತೊಳ್ಕೊಂಡ್ ಬಂದು ಆಮೇಲೆ ಇನ್ನೊಂದ್ ಮನೆಗ್ ಕಳ್ಸು’ ಅನ್ನುತ್ತಾರೆ. ಮೊದಲು ಯಾರೂ ಕೇಳುತ್ತಿರಲಿಲ್ಲ. ಲೈಸೆನ್ಸ್ ಬಂದ ಮೇಲೆ ರಿಜಿಸ್ಟರಿನಲ್ಲಿ ಬರೆಯಬೇಕಲ್ಲ, ಪೂಜೆ ಎಂದು ಬರೆಯಲು ಅದರಲ್ಲಿ ಅವಕಾಶವಿಲ್ಲ. ಪ್ರತಿ ಸಲವೂ ಸರ್ವಿಸ್ ಎಂದು ಬರೆದುಬಿಡುತ್ತಿದ್ದೆ.

ನಿಮ್ಮ ಗಾಡಿಯನ್ನು ಒಂದು ಶುಕ್ರವಾರ ನಾನೇ ಒಯ್ದೆ. ಒಂದೇ ಒಂದು ಸಲ. ಆದರೆ ನೋಟಿಸಿನಲ್ಲಿ ‘ಹಲವು ಬಾರಿ’ ಎಂದಿದೆ. ಅಮ್ಮನ ಮೇಲಾಣೆ, ಅದು ನನಗೆ ಗೊತ್ತಿಲ್ಲ.

ಲೈಸೆನ್ಸ್ ಹೋದರೆ ನಾನು ಮತ್ತೆ ಬ್ರೋಕರ್. ಅಪ್ಪನ ಫೋಟೋ ಮುಂದೆ ದೀಪ ಹಚ್ಚಲು ನಾಚಿಕೆಯಾಗುತ್ತಿದೆ. ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬೇರೆ ಯಾರಿಗೆ ಹೇಳಿದರೂ ಬೀದಿಯೆಲ್ಲ ಹಬ್ಬುತ್ತದೆ.

ಶಶಿಧರ್


ಧಾರವಾಡ
2 ನವೆಂಬರ್ 2025

ಶಶಿಧರ್ ಅವರಿಗೆ,

ಕರುಬುವ ಜನರನ್ನೆಲ್ಲ ಬಿಟ್ಟುಬಿಡಿ. ಸಾರಿಗೆ ಕಚೇರಿಗೆ ಬರೆದವಳು ನಾನು.

ಕಾರಿನ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್ ರದ್ದು ಮಾಡಿಸುವುದನ್ನು ನಾನು ಮರೆತಿದ್ದೆ. ಸೆಪ್ಟೆಂಬರ್ ಕೊನೆಗೆ ಮೊಬೈಲಿನ ಮೆಸೇಜ್ ರಾಶಿ ಅಳಿಸುತ್ತಾ ಕೂತಾಗ ಟೋಲಿಗೆ ನನ್ನ ಖಾತೆಯಿಂದ ಹಣ ಹೋದದ್ದು ಕಣ್ಣಿಗೆ ಬಿತ್ತು. ಒಂದು ಶುಕ್ರವಾರ ಹೋಗಿದೆ, ಆಮೇಲೆ ಸಾಲಾಗಿ ಮಂಗಳವಾರಗಳು. ಆ ಸೆಪ್ಟೆಂಬರ್ ಕಾಗದದಲ್ಲಿ ‘ಸುಮ್ಮನೆ ಕುತೂಹಲ’ ಎಂದು ಬರೆಯುವಾಗ ನನಗೆ ಅದು ಗೊತ್ತಿತ್ತು. ನೀವು ನಿಜ ಹೇಳುತ್ತೀರಾ ಎಂದು ಪರೀಕ್ಷಿಸಿದೆ. ನೀವು ಇಲ್ಲ ಎಂದಾಗ ಮೈ ಉರಿಯಿತು. ನನ್ನ ಕಾರನ್ನು ಬಾಡಿಗೆಗೆ ಬಿಟ್ಟು ದುಡಿಯುತ್ತಿದ್ದೀರಿ, ಮೇಲೆ ನನ್ನನ್ನು ಎಣ್ಣೆಗಾಯಿ ಕತೆ ಹೇಳಿ ನಗಿಸುತ್ತಿದ್ದೀರಿ ಎಂದುಕೊಂಡೆ.

ದೂರು ಎಂದು ಬರೆಯಲಿಲ್ಲ. ‘ಡೀಲರ್ ಬಳಿ ಇರುವ ವಾಹನ ಹೀಗೆ ಟೋಲ್ ದಾಟಬಹುದೇ, ತಿಳಿಸಿ’ ಎಂದು ಮೆಸೇಜುಗಳ ಪ್ರತಿ ಇಟ್ಟು ಕೇಳಿದೆ. ಸರ್ಕಾರಿ ಮೇಜಿನ ಮೇಲೆ ಪ್ರಶ್ನೆಯೇ ದೂರು ಆಗಿಬಿಡುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ತಪ್ಪು ನನ್ನದು. ಬೈಯಬೇಕು ಅನ್ನಿಸಿದರೆ ಬೈದುಬಿಡಿ.

ಆದರೂ ಕೇಳದೆ ಇರಲಾರೆ. ಶುಕ್ರವಾರ ಬಿಸಿಲಮ್ಮನಿಗೆ ನೀವು ಹೋದಿರಿ. ಮಂಗಳವಾರ ಹೋದವರು ಯಾರು?

ವಿಮಲಾ


ಕತ್ರಿಗುಪ್ಪೆ
14 ನವೆಂಬರ್ 2025

ವಿಮಲಾ ಮೇಡಂ ಅವರಿಗೆ,

ನಿಜ ಹೇಳಬೇಕೆಂದರೆ ನಿಮ್ಮ ಕಾಗದ ಓದಿ ಎರಡು ದಿನ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಆಮೇಲೆ ನಾನು ಸುಳ್ಳು ಹೇಳದೆ ಇದ್ದಿದ್ದರೆ ನೀವು ಬರೆಯುತ್ತಿರಲಿಲ್ಲ ಎಂದು ಹೊಳೆಯಿತು. ಸುಮ್ಮನಾದೆ.

ಮಂಗಳವಾರ ಎಂದು ನೀವು ಹೇಳಿದ್ದೇ ಸುಳಿವಾಯಿತು. ಮಂಗಳವಾರ ನಾನು ಬೊಮ್ಮನಹಳ್ಳಿ ಕಡೆ ಬ್ಯಾಂಕಿನವರು ಜಪ್ತಿ ಮಾಡಿದ ಗಾಡಿಗಳ ಹರಾಜಿಗೆ ಹೋಗುತ್ತೇನೆ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ಹೋದ ಮಂಗಳವಾರ ಹೋದ ಹಾಗೆ ಮಾಡಿ ವಾಪಸ್ ಬಂದೆ. ಅಮ್ಮ ಗೇಟಿನ ಹತ್ತಿರ ಹೂ ಕಟ್ಟುತ್ತಾ ಕೂತಿದ್ದರು, ಗಾಡಿಗಳೆಲ್ಲ ಇದ್ದಲ್ಲೇ ಇದ್ದವು. ಚೈತ್ರಳನ್ನು ಕೇಳಿದೆ. ಅವಳು ಅಮ್ಮನ ಮುಖ ನೋಡಿದಳು.

ಅಮ್ಮ ಹೂವಿನ ದಾರ ಹಲ್ಲಲ್ಲಿ ಕಡಿದು, ‘ಅವ್ಳನ್ನೇನ್ ಕೇಳ್ತೀಯ, ನನ್ನ ಕೇಳು. ನಾನೇ ಓಡ್ಸಿದ್ದು’ ಅಂದರು.

ಮೇಡಂ, ನಮ್ಮಮ್ಮನಿಗೆ ಅರವತ್ತು ದಾಟಿದೆ. ಸೈಕಲ್ ಕೂಡ ಹತ್ತಿದವರಲ್ಲ. ನೀವು ಬಂದ ದಿನ ಎರಡು ಗಾಡಿಗಳ ನಡುವಿನ ಸಂದಿಗೆ ಒಂದೇ ಸಲಕ್ಕೆ ರಿವರ್ಸ್ ತೆಗೆದುಕೊಂಡು ನಿಲ್ಲಿಸಿದಿರಲ್ಲ, ಅದನ್ನು ನೋಡಿದ್ದಾರೆ. ‘ನಂಗಿಂತ ದೊಡ್ಡೋಳು. ತಲೆಯೆಲ್ಲಾ ಬೆಳ್ಳಗೈತೆ. ಅವ್ಳಿಗಾದ್ರೆ ನಂಗ್ಯಾಕಾಗಲ್ಲ’ ಎಂದು ಅವತ್ತೇ ಚೈತ್ರಳ ಬೆನ್ನು ಹತ್ತಿದರಂತೆ. ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡಿದ್ದಾರೆ, ನನಗೆ ಗೊತ್ತೇ ಇಲ್ಲ! ಟೋಲ್ ದಾಟಿ ಹೊಸ ಲೇಔಟುಗಳ ಖಾಲಿ ರಸ್ತೆಯವರೆಗೆ ಚೈತ್ರ ಓಡಿಸುವುದು, ಅಲ್ಲಿಂದ ಎಲ್ ಬೋರ್ಡ್ ಕಟ್ಟಿ ಅಮ್ಮ ಓಡಿಸುವುದು. ನಾನಿಲ್ಲದ ದಿನ ರಿಜಿಸ್ಟರ್ ಬರೆಯುವವಳು ಚೈತ್ರ. ಬರೆದಿಲ್ಲ. ನಾನು ನೋಡುತ್ತೇನಲ್ಲ, ಅದಕ್ಕೆ.

ನಾನು ಕೂಗಾಡಿದೆ. ‘ನನ್ ಲೈಸೆನ್ಸ್ ಹೋಗುತ್ತಮ್ಮಾ, ನನ್ ಮರ್ಯಾದೆ ಹೋಗುತ್ತೆ!’ ಅಂದೆ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಗುರುಬಸಪ್ಪ ಎಂದು ಬನಶಂಕರಿಯಲ್ಲಿ ಹಳೇ ಬ್ರೋಕರ್ ಒಬ್ಬರಿದ್ದಾರೆ. ಅವರು ಒಂದು ದಾರಿ ಹೇಳಿದರು. ‘ಎಲ್ಲಾನೂ ಟ್ರಯಲ್ ಅಂದ್ಬಿಡು ಮಗಾ. ಆ ಮೇಡಂ ಹತ್ರ ಒಂದ್ ಲೆಟರ್ ತಗೋ, ಗಿರಾಕಿನ ನಾನೇ ಕಳ್ಸಿದ್ದೆ, ಅವ್ರು ಓಡಿಸ್ ನೋಡಿದ್ರು ಅಂತ. ಕೇಸೇ ಇರಲ್ಲ.’ ದೂರು ಕೊಟ್ಟವರೇ ಹಾಗೆ ಬರೆದರೆ ಮುಗಿದೇಹೋಯಿತು. ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳುತ್ತಿದ್ದೇನೆ. ನಾಲ್ಕು ಸಾಲು ಬರೆದುಕೊಡುತ್ತೀರಾ?

ಶಶಿಧರ್


ಧಾರವಾಡ
19 ನವೆಂಬರ್ 2025

ಪ್ರಿಯ ಶಶಿಧರ್,

ಬರೆದುಕೊಡುವುದಿಲ್ಲ. ನಾನು ಯಾವ ಗಿರಾಕಿಯನ್ನೂ ಕಳಿಸಿಲ್ಲ. ನಿಮಗೆ ನನ್ನಿಂದ ಕಷ್ಟವಾಯಿತು, ಗೊತ್ತು, ಆದರೂ ಬರೆಯುವುದಿಲ್ಲ. ಒಂದು ಸುಳ್ಳು ನಮ್ಮಿಬ್ಬರನ್ನೂ ಇಲ್ಲಿಗೆ ತಂದು ನಿಲ್ಲಿಸಿದೆ, ಇನ್ನೊಂದನ್ನು ಅಂಚೆಯಲ್ಲಿ ಕಳಿಸಲಾರೆ. ಬಿಸಿಲಮ್ಮನ ಶುಕ್ರವಾರವನ್ನು ಇದ್ದ ಹಾಗೆ ಹೇಳಿಬಿಡಿ.

ಮಂಗಳವಾರಗಳ ಬಗ್ಗೆ ನನಗೊಂದು ಪ್ರಶ್ನೆಯಿದೆ, ಅದನ್ನು ನೀವು ಕೇಳಬೇಕಾದ್ದು ಸೊಣ್ಣಮ್ಮನವರನ್ನು. ಅವರು ಆ ಕಾರನ್ನು ಯಾಕೆ ಓಡಿಸಿದರು? ನಿಮ್ಮ ಯಾರ್ಡಿನಲ್ಲಿ ಸಾಲಾಗಿ ಗಾಡಿಗಳಿರುವಾಗ ಪ್ರತಿ ಸಲ ಅದನ್ನೇ ಯಾಕೆ? ನೀವು ನಿಮ್ಮ ಲೈಸೆನ್ಸ್, ನಿಮ್ಮ ಮರ್ಯಾದೆ ಎಂದು ಕೂಗಿದಿರಿ. ‘ಅಮ್ಮಾ, ನಿನಗೇನು ಬೇಕು’ ಎಂದು ಕೇಳಿದಿರಾ? ಕೇಳಿದ ಹಾಗೆ ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಸಂಗತಿ. ಫೋನ್ ಆಗದು ಎಂದದ್ದು ಠೀವಿಯಿಂದಲ್ಲ. ನನಗೆ ಕಿವಿ ಕೇಳಿಸುವುದಿಲ್ಲ. ಎದುರಿಗಿದ್ದರೆ ತುಟಿ ನೋಡಿ ನಿಭಾಯಿಸುತ್ತೇನೆ. ಹೋದ ಏಪ್ರಿಲ್‌ನಲ್ಲಿ ಸೌತ್ ಎಂಡ್ ಸರ್ಕಲ್ ಹತ್ತಿರ ನನ್ನ ಹಿಂದೆ ಆಂಬುಲೆನ್ಸ್ ಬಂದು ಕೂಗುತ್ತಾ ನಿಂತಿತ್ತು. ನಾನು ಸಿಗ್ನಲ್ ನೋಡುತ್ತಾ ಆರಾಮವಾಗಿ ಕೂತಿದ್ದೆ. ಯಾರೋ ಬಂದು ಗಾಜು ಬಡಿದಾಗ ತಿಳಿಯಿತು. ಒಳಗಿದ್ದವರು ಉಳಿದರೋ ಇಲ್ಲವೋ ಗೊತ್ತಿಲ್ಲ. ಮನೆಗೆ ಬಂದು ಅತ್ತೆ. ಕಾರು ಮಾರು ಎಂದು ಯಾರೂ ಹೇಳಲಿಲ್ಲ, ನಾನೇ ನಿರ್ಧರಿಸಿದೆ. ನನಗೆ ಹೊಟ್ಟೆ ಉರಿಯುತ್ತಿದೆ ಎಂದು ನೀವು ಬರೆದಿದ್ದಿರಿ. ಉರಿಯುತ್ತಿತ್ತು, ನಿಜ.

ಅಂಥ ಕಾರಿನಲ್ಲಿ ಒಬ್ಬಾಕೆ ಕೂತು ಕ್ಲಚ್ ಒತ್ತುತ್ತಿದ್ದಾಳೆ ಎಂದು ಓದಿ ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಅವರನ್ನು ಕೇಳಿ ನೋಡಿ.

ವಿಮಲಾ


ಕತ್ರಿಗುಪ್ಪೆ
30 ನವೆಂಬರ್ 2025

ವಿಮಲಾ ಮೇಡಂ,

ಕಿವಿಯ ವಿಷಯ ಗೊತ್ತಿರಲಿಲ್ಲ. ಜಯನಗರದವರು, ನಮ್ಮಂಥವರ ಜೊತೆ ಫೋನಿನಲ್ಲಿ ಮಾತಾಡಲು ಇಷ್ಟವಿಲ್ಲ ಎಂದುಕೊಂಡಿದ್ದೆ. ತಪ್ಪು ತಿಳಿದೆ.

ನಿಮ್ಮ ಕಾಗದ ಓದಿ ಅಮ್ಮನ ರೂಮಿನ ಬಾಗಿಲಲ್ಲಿ ಹೋಗಿ ಕೂತೆ. ‘ಅಮ್ಮಾ, ಆ ಗಾಡಿನೇ ಯಾಕೆ?’ ಅಂದೆ. ಅಮ್ಮ ಬಾಗಿಲು ತೆಗೆದರು. ಆಮೇಲೆ, ‘ಕೊಂಡ್ಕೊಬೇಕು ಅಂತ. ಕೊಂಡ್ಕೊಳೋರು ಓಡ್ಸಿ ನೋಡಲ್ವಾ? ನಾನೂ ನೋಡ್ದೆ’ ಅಂದರು. ‘ನಂಗ್ ಹೇಳ್ಬಾರ್ದಾಗಿತ್ತಾ?’ ಅಂದೆ. ‘ಹೇಳಿದ್ರೆ ಏನಂತಿದ್ದೆ? ಯಾಕಮ್ಮಾ ಬೇಕು, ನಾನಿಲ್ವಾ ಅಂತಿದ್ದೆ. ನಿಮ್ಮಪ್ಪನೂ ಅದೇ ಅಂದ, ಈಗ ಅವ್ನಿಲ್ಲ. ಬಿಸಿಲಮ್ಮನ್ ತಾವ ಹೋಗ್ಬೇಕು ಅಂದ್ರೆ ನಿಂಗ್ ಬಿಡುವಾದಾಗ ಹೋಗ್ಬೇಕು. ನಂಗೆ ಬೇಕು ಅನ್ಸಿದಾಗ ಹೋಗ್ಬೇಕು ಕಣ್ಲಾ.’

ನಿಜ ಮೇಡಂ. ನಾನು ಹಾಗೇ ಅನ್ನುತ್ತಿದ್ದೆ.

ವಿಚಾರಣೆಗೆ ಮೂವರೂ ಹೋದೆವು. ಅಧಿಕಾರಿಯ ಹೆಸರು ತಿರುಮಲೇಶ, ಮೆತ್ತಗೆ ಮಾತಾಡುವ ಮನುಷ್ಯ. ಶುಕ್ರವಾರದ್ದು ಸರ್ವಿಸ್ ಅಲ್ಲ, ಪೂಜೆ, ಪ್ರತಿ ಗಾಡಿಯನ್ನೂ ಹೀಗೇ ಒಯ್ಯುತ್ತಿದ್ದೆ, ಬರೆದದ್ದು ಸುಳ್ಳು ಎಂದು ಹೇಳಿಬಿಟ್ಟೆ. ಗುರುಬಸಪ್ಪ ಇದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮಂಗಳವಾರದ್ದು ಟ್ರಯಲ್ ಅಂದಾಗ ಅಧಿಕಾರಿ ಕನ್ನಡಕ ತೆಗೆದು, ‘ಗಿರಾಕಿ ಯಾರ್ರೀ?’ ಅಂದರು.

ಅಮ್ಮ ಎದ್ದು ನಿಂತರು. ‘ನಾನೇ ಸ್ವಾಮಿ.’

‘ಮಗನ ಅಂಗಡಿಗೆ ತಾಯಿ ಗಿರಾಕಿನಾ? ಇದನ್ನ ನಾನು ನಂಬಬೇಕಾ?’

‘ತಾಯಿ ಗಿರಾಕಿ ಆಗ್ಬಾರ್ದು ಅಂತ ನಿಮ್ ರೂಲ್ಸಲ್ಲಿ ಐತಾ?’

ಆ ಮನುಷ್ಯ ನಿಜವಾಗಿಯೂ ನಿಯಮದ ಪುಸ್ತಕ ತೆಗೆದು ಹಾಳೆ ತಿರುಗಿಸಿದರು! ಅವರ ಮುಖದಲ್ಲೂ ನಿಮಗಿರುವಂಥದ್ದೇ ಕುತೂಹಲ. ಆಮೇಲೆ, ‘ಇಲ್ಲಮ್ಮ, ಹಾಗೇನೂ ಇಲ್ಲ’ ಅಂದರು. ಅಮ್ಮ ಸೆರಗಿನ ಗಂಟಿನಿಂದ ಕಲಿಯುವವರ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದ ತಾರೀಕು ಮಂಗಳವಾರಗಳಿಗಿಂತ ಮುಂಚಿನದು. ಪಕ್ಕದಲ್ಲಿ ಲೈಸೆನ್ಸ್ ಇರುವ ಚೈತ್ರ ಇದ್ದಳು, ಎಲ್ ಬೋರ್ಡ್ ಇತ್ತು.

ತೀರ್ಪು ಹೀಗಾಯಿತು. ಮಂಗಳವಾರದ ಟ್ರಯಲ್ ತಪ್ಪಲ್ಲ, ರಿಜಿಸ್ಟರಿಗೆ ಹತ್ತಿಸದೆ ಇದ್ದದ್ದು ತಪ್ಪು, ಅದಕ್ಕೆ ಎಚ್ಚರಿಕೆ. ಸುಳ್ಳು ಬರೆದದ್ದಕ್ಕೆ ಡಿಸೆಂಬರ್ ತಿಂಗಳಿಡೀ ಲೈಸೆನ್ಸ್ ಅಮಾನತು. ರದ್ದಿಲ್ಲ! ಇನ್ನೊಂದು ಸಲ ಬಿಸಿಲಮ್ಮನಿಗೆ ಗಾಡಿ ಒಯ್ದದ್ದು ಕಂಡರೆ ಖಾಯಂ ರದ್ದು ಎಂದರು. ಆಚೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಮ್ಮ ಸೆರಗಿನಿಂದ ಮುಖ ಒರೆಸಿದರು, ಎಲ್ಲರ ಎದುರಿಗೇ.

ಶಶಿಧರ್


ಧಾರವಾಡ
6 ಡಿಸೆಂಬರ್ 2025

ಪ್ರಿಯ ಶಶಿಧರ್,

ಓದಿ ಮುಗಿಸಿ ತನ್ಮಯಿಯನ್ನು ಅಡುಗೆಮನೆಯಿಂದ ಎಳೆದು ತಂದು ಮತ್ತೊಮ್ಮೆ ಗಟ್ಟಿಯಾಗಿ ಓದಿಸಿದೆ. ನನಗೆ ಕೇಳಿಸದಿದ್ದರೂ ಅವಳ ತುಟಿಯಲ್ಲಿ ಸೊಣ್ಣಮ್ಮನವರ ಮಾತು ನೋಡಬೇಕಿತ್ತು.

ಒಂದು ತಿಂಗಳು ಬಾಗಿಲು ಹಾಕುವುದು ಕಷ್ಟವೇ. ನನ್ನಿಂದಾಗಿ ಎಂಬುದು ನನಗೆ ಮರೆಯುವುದಿಲ್ಲ.

ಈಗ ಹೇಳಿ. ಅಂಗಡಿ ತೆರೆದ ಮೇಲೆ ಅವರಿಗೆ ನಿಜವಾಗಿ ಮಾರುತ್ತೀರೋ, ಇಲ್ಲ ಅಧಿಕಾರಿಯ ಮುಂದೆ ಆಡಿದ್ದು ಬಾಯಿಮಾತೋ? ಇನ್ನು ಮುಂದೆ ಗಾಡಿಗಳಿಗೆ ತೀರ್ಥ ಹೇಗೆ? ಈ ಎರಡಕ್ಕೂ ಪೂರ್ತಿ ಉತ್ತರ ಬೇಕು.

ವಿಮಲಾ


ಕತ್ರಿಗುಪ್ಪೆ
12 ಜನವರಿ 2026

ವಿಮಲಾ ಮೇಡಂ ಅವರಿಗೆ ಸಂಕ್ರಾಂತಿಯ ಶುಭಾಶಯಗಳು.

ಉತ್ತರ ತಡವಾಯಿತು, ಬರೆಯಲು ಪೂರ್ತಿ ಸಂಗತಿ ಆಗಲಿ ಎಂದು ಕಾದೆ. ಯಾರ್ಡ್ ಮುಚ್ಚಿದ್ದ ತಿಂಗಳಲ್ಲಿ ಅಮ್ಮ ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿತು ಪರೀಕ್ಷೆ ಪಾಸಾದರು. ನಾನು ನೋಡಲು ಬರಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು, ಹೋಗಲಿಲ್ಲ.

ಲೈಸೆನ್ಸ್ ವಾಪಸ್ ಬಂದ ಮೇಲೆ ಮೊದಲ ವ್ಯಾಪಾರ ಅಮ್ಮನದೇ. ಮಗ ಎಂದು ನೋಡದೆ ಚೌಕಾಸಿ ಮಾಡಿದರು ಮೇಡಂ! ‘ಈ ಬಣ್ಣ ಯಾವನ್ ತಗೊಂಡಾನು, ನಾನಾದ್ದಕ್ಕೆ ತಗೋತಿದೀನಿ’ ಎಂದು ಮನೆ ಬಾಡಿಗೆಯಲ್ಲಿ ಕೂಡಿಟ್ಟ ತನ್ನ ದುಡ್ಡು ಎಣಿಸಿ ಕೊಟ್ಟರು. ಬೇಡ ಅಂದೆ. ‘ಬಿಟ್ಟಿ ಕೊಟ್ರೆ ಅದು ನಿನ್ ಗಾಡಿ’ ಅಂದರು. ತೆಗೆದುಕೊಂಡೆ. ಕಂಪ್ಯೂಟರಿನಲ್ಲಿ ನನ್ನ ಹೆಸರು ಹೋಗಿ ಸೊಣ್ಣಮ್ಮ, ಗಂಡ ಚಿಕ್ಕಬೈರಪ್ಪ ಎಂದು ಬಂತು. ಅಮ್ಮ ಆ ಪರದೆಯನ್ನು ಬಹಳ ಹೊತ್ತು ನೋಡಿದರು.

ತೀರ್ಥದ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಗಾಡಿಗಳು ಇನ್ನು ಅಲ್ಲಿಗೆ ಹೋಗುವುದಿಲ್ಲ, ಅಮ್ಮನೇ ಹೋಗಿ ಕೊಡದಲ್ಲಿ ತೀರ್ಥ ತರುತ್ತಾರೆ. ಅದಕ್ಕೆ ರಿಜಿಸ್ಟರೂ ಬೇಡ, ಯಾರ ಅನುಮತಿಯೂ ಬೇಡ.

ಮೊನ್ನೆ ಶುಕ್ರವಾರ ಹೊರಟರು. ನಾನೂ ಶರ್ಟು ಹಾಕಿಕೊಂಡು ಪಕ್ಕದ ಸೀಟಿನ ಬಾಗಿಲು ತೆಗೆದೆ. ಮೊದಲ ಸಲ ಒಬ್ಬರೇ, ಕನಕಪುರ ರಸ್ತೆ ಬೇರೆ. ಅಮ್ಮ ಕೈ ಅಡ್ಡ ಹಿಡಿದರು. ‘ನೀನ್ ಬರ್ಬೇಡ ಕಣ್ಲಾ. ಅಂಗಡಿ ನೋಡ್ಕೊ. ರೂಲ್ಸ್ ಇರೋದು ನಿಂಗೆ, ನಂಗಲ್ಲ.’ ಇಷ್ಟು ಹೇಳಿ ಹಾರ್ನ್ ಮಾಡಿ ಹೊರಟೇಬಿಟ್ಟರು. ಗೇಟಿನಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಬ್ರೇಕ್ ಲೈಟ್ ಹತ್ತಿತು, ಇಂಡಿಕೇಟರ್ ಹಾಕಿದರು, ಎಡಕ್ಕೆ ತಿರುಗಿ ಹೋದರು.

ಇಂತಿ ನಿಮ್ಮ
ಶಶಿಧರ್